ಕಾಳು ತಿನ್ನುವ ಹಕ್ಕಿ ಹಾಡುವುದಿಲ್ಲ

ಚಡಚಣ
೨೧ ಮಾರ್ಚ್ ೧೯೭೬

ಚಿ. ಸೌ. ಸುಮಿತ್ರಾಳಿಗೆ ಅವ್ವನ ಆಶೀರ್ವಾದಗಳು.

ನಿನ್ನ ನಾಲ್ಕೂ ಪತ್ರಗಳು ಮುಟ್ಟಿವೆ. ಟಪಾಲಿನವನ ತಪ್ಪೇನೂ ಇಲ್ಲ, ಎರಡು ವರ್ಷ ಉತ್ತರ ಬರೆಯದೆ ಕುಳಿತವಳು ನಾನೇ. ಬಾಗೇವಾಡಿಯಲ್ಲಿ ನೀನೂ ನಿನ್ನ ಯಜಮಾನರೂ ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ. ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ನೀನು ಅರ್ಧ ಕ್ಷೇಮ ಎಂದು ಓದಿಕೋ. ನೀನು ಮನೆ ಬಿಟ್ಟು ಹೋದ ದಿನದ ಮಾತು ಈಗ ಬೇಡ.

ದೀಪಾವಳಿ ಮುಗಿದ ಎಂಟನೆಯ ದಿನ ನಿನ್ನ ಅಪ್ಪನಿಗೆ ಲಕ್ವಾ ಹೊಡೆಯಿತು. ಗಾಬರಿಯಾಗಬೇಡ. ಬಲಗೈ ಎರಡು ತಿಂಗಳಲ್ಲಿ ಸರಿಹೋಯಿತು. ಈಗ ಕೋಲು ಹಿಡಿದು ಅಂಗಳದ ತನಕ ನಡೆಯುತ್ತಾರೆ, ಎರಡು ರೊಟ್ಟಿ ತಿನ್ನುತ್ತಾರೆ. ಮಾತು ಮಾತ್ರ ಹೋಗಿದೆ. ಮಾತು ಬಂದರೆ ಬಂದೀತು, ಒತ್ತಾಯ ಮಾಡಬೇಡಿ, ಕೋಣೆಯಲ್ಲಿ ಮುಚ್ಚಿಡದೆ ಕಿವಿಗೆ ಹಿತವಾದದ್ದು ಬೀಳುವಲ್ಲಿ ಕೂಡಿಸಿ ಎಂದು ವಿಜಾಪುರದ ಡಾಕ್ಟರು ಹೇಳಿದರು. ಅವರ ಕಿವಿಗೆ ಹಿತವಾದದ್ದು ಏನು ಎಂದು ಯೋಚಿಸಿದೆ. ನನ್ನ ಮಾತಂತೂ ಅಲ್ಲ. ದಿನವಿಡೀ ದ್ರಾಕ್ಷಿ ತೋಟದಲ್ಲಿ ಡಬ್ಬಿ ಬಡಿದು ಹಕ್ಕಿ ಓಡಿಸಿ, ಸಂಜೆ ಮನೆಗೆ ಬಂದು ಅದೇ ಹಕ್ಕಿಗಳಂತೆ ಸಿಳ್ಳೆ ಹಾಕಿ ನಿನ್ನನ್ನು ನಗಿಸುತ್ತಿದ್ದರಲ್ಲ, ಅದು ನೆನಪಾಯಿತು. ಆಗಲಿ, ಹಕ್ಕಿಗಳನ್ನೇ ಕರೆಸೋಣ ಎಂದುಕೊಂಡೆ.

ಮೊದಲು ಬಿಳಿಜೋಳ ಚೆಲ್ಲಿದೆ. ಗುಬ್ಬಿ ಬಂದವು, ಬೆಳವ ಬಂದವು, ತಿಂದವು, ಜಗಳಾಡಿದವು, ಹೋದವು. ಸಜ್ಜೆ ಹಾಕಿದರೆ ಮತ್ತಷ್ಟು ಗುಬ್ಬಿ. ಬೆಲ್ಲದ ನೀರಿಗೆ ಇರುವೆ. ಅನ್ನಕ್ಕೆ ಕಾಗೆ ಬಂದವು. ಬದುಕಿರುವ ಗಂಡನ ಎದುರೇ ಕಾಗೆಗೆ ಅನ್ನ ಇಟ್ಟೆನಲ್ಲ ಎಂದು ನಾಚಿ ನಾನೇ ಎತ್ತಿ ಹಾಕಿದೆ. ನಿನ್ನ ಅಪ್ಪ ಯಾವುದನ್ನೂ ನೋಡದೆ ರಸ್ತೆ ಕಡೆ ಮುಖ ಮಾಡಿ ಕುಳಿತಿದ್ದರು.

ತೋಟ ಕಾಯುವ ಪರಸಪ್ಪ ಇದನ್ನು ಕಂಡು ಹೊಟ್ಟೆ ಹಿಡಿದು ನಕ್ಕ. ಮೂವತ್ತು ವರ್ಷ ಕವಣೆ ಬೀಸಿ ಓಡಿಸಿದವರು ಈಗ ಎಲೆ ಹಾಕಿ ಊಟಕ್ಕೆ ಕರೆಯುತ್ತೀರಲ್ಲ ಎಂದ. ನಕ್ಕು ಮುಗಿದ ಮೇಲೆ ಬುದ್ಧಿ ಹೇಳಿದ.

“ಕಾಳು ತಿನ್ನೋ ಹಕ್ಕಿ ಹಾಡೂದಿಲ್ರಿ ಅವ್ವಾರ. ಹಾಡೂವಕ್ಕ ಹಣ್ಣರ ಬೇಕು, ಹುಳಾರ ಬೇಕು. ಹಣ್ಣ ನಾ ತರ್ತೇನಿ. ಹುಳದ್ದು ನಿಮ್ಮ ಕೈಯಾಗ ಐತಿ. ಗಿಡದ ಬುಡಕ ಕಸಾ ಹೊಡಿಯೂದು ಬಿಡ್ರಿ.”

ಮರುದಿನ ಅಂಗಳದ ಪೇರಲ ಗಿಡಕ್ಕೆ ಒಡೆದ ದ್ರಾಕ್ಷಿಯ ಗೊಂಚಲು ಕಟ್ಟಿದ, ಟೊಂಗೆಗೆ ಪಪ್ಪಾಯಿ ಹೋಳು ಚುಚ್ಚಿದ. ಮೂರನೆಯ ದಿನ ಜುಟ್ಟಿನ ಬುಲ್‌ಬುಲ್ ಜೋಡಿ ಬಂತು. ದ್ರಾಕ್ಷಿಗಿಂತ ಪಪ್ಪಾಯಿಯೇ ಅವಕ್ಕೆ ಪಸಂದ. ನಿನ್ನ ಅಪ್ಪ ಕುರ್ಚಿ ತಿರುಗಿಸಿಕೊಂಡರು.

ಕಸದ ಮಾತು ನನಗೆ ಕಷ್ಟವಾಯಿತು. ನಿನ್ನನ್ನು ಹೆತ್ತ ಬಾಣಂತನ ಬಿಟ್ಟರೆ, ನಾನು ಅಂಗಳ ಗುಡಿಸಿ ಸಗಣಿ ನೀರು ಚಿಮುಕಿಸಿ ರಂಗೋಲಿ ಹಾಕದ ದಿನವಿಲ್ಲ. ಮನಸ್ಸು ಗಟ್ಟಿ ಮಾಡಿ ಎಂಟು ದಿನ ಬಿಟ್ಟೆ. ಉದುರಿದ ಎಲೆ ಬಾಗಿಲ ತನಕ ಬಂದವು. ಎಲೆ ಕೆದರಿ ಹುಳ ಹೆಕ್ಕುತ್ತ ಕಪ್ಪು-ಬಿಳುಪಿನ ಮಡಿವಾಳ ಹಕ್ಕಿಯೂ ಬಂತು. ಹೊಟ್ಟೆ ತುಂಬಿದ ಮೇಲೆ ಗಿಡದ ತುದಿಗೆ ಹತ್ತಿ ಎಷ್ಟು ಹೊತ್ತು ಹಾಡುತ್ತದೆ ಎನ್ನುತ್ತೀ.

ಅದೇ ವಾರ ಇಂಡಿಯಿಂದ ನಿನ್ನ ಸೋದರತ್ತೆ ಕಾಶಿಬಾಯಿ ಬಂದಳು. ಕಸ ತೆಗೆದಿಲ್ಲ, ರಂಗೋಲಿ ಇಲ್ಲ. ಸಾವಾದ ಮನೆಯ ಅಂಗಳ ಹಾಗಿರುತ್ತದೆ. ಅವಳು ಬೇರೆ ಏನು ತಿಳಿಯಬೇಕು? ನನಗೊಂದು ಮಾತು ಹೇಳಿ ಕಳಿಸಬಾರದಾಗಿತ್ತೇ ವೈನಿ ಎಂದು ಬಾಗಿಲಲ್ಲೇ ಕುಳಿತು ಎದೆ ಬಡಿದುಕೊಂಡಳು. ಯಾವ ಅಣ್ಣನಿಗಾಗಿ ಅಳುತ್ತಿದ್ದಳೋ ಆ ಅಣ್ಣ ಎಂಟು ಮಾರು ದೂರದಲ್ಲಿ ಗಿಡದ ಮರೆಗೆ ಕುಳಿತಿದ್ದರು. ಹಕ್ಕಿಗಳೆಲ್ಲ ಹಾರಿದವೆಂದು ಅವರಿಗೆ ಸಿಟ್ಟು ಬಂದು, ಸುಮ್ಮನಿರು ಎಂದು ಕೋಲು ಎತ್ತಿ ತೋರಿಸಿದರು. ದೀಪಾವಳಿಯ ನಂತರ ನಾನು ನಕ್ಕದ್ದು ಆಗಲೇ. ಕಾಶಿಬಾಯಿ ಮುನಿಸಿಕೊಂಡು ಚಹಾ ಮಾತ್ರ ಕುಡಿದಳು. ಹೋಗುವಾಗ ಕಸಬರಿಗೆ ಹಿಡಿದು ಇಡೀ ಅಂಗಳ ಗುಡಿಸಿಯೇ ಬಸ್ಸಿಗೆ ಹೋದಳು. ಮಡಿವಾಳ ಹಕ್ಕಿ ಎರಡು ದಿನ ಬರಲಿಲ್ಲ.

ಈಗ ಎಲ್ಲ ಹೊಂದಿಕೊಂಡಿದೆ. ದಿನಾ ಬೆಳಗ್ಗೆ ಪಪ್ಪಾಯಿ ಕತ್ತರಿಸುವುದು ನನ್ನ ಕೆಲಸ. ನಿನ್ನ ಒಲೆ ಸದಾ ಬೆಚ್ಚಗಿರಲಿ, ಹಣೆಯ ಕುಂಕುಮ ಮಾಸದಿರಲಿ. ನಿನ್ನ ಯಜಮಾನರಿಗೂ ನನ್ನ ಆಶೀರ್ವಾದ ತಿಳಿಸು.

ನಿನ್ನ ಅವ್ವ
ಬಾಳಮ್ಮ

ತಾ. ಕ.: ಇದನ್ನು ಬರೆಯದೆ ಪತ್ರ ಹಾಕಬೇಕೆಂದಿದ್ದೆ, ಮನಸ್ಸು ಒಪ್ಪಲಿಲ್ಲ. ನಿನ್ನ ಅಪ್ಪನಿಗೆ ಮಾತು ಬಂದಿದೆ. ಗುರುವಾರ ನಾನು ಬಾಗಿಲ ಹಿಂದೆ ಇದ್ದೆ. “ಬಾ, ಇನ್ನೂ ಹತ್ರ ಬಾ. ಇಲ್ಲಿ ಯಾರೂ ನಿನಗ ಬ್ಯಾಡ ಅನ್ನೂದಿಲ್ಲ” ಎಂದು ಬುಲ್‌ಬುಲ್‌ಗೆ ಹೇಳುತ್ತಿದ್ದರು. ತುಸು ತೊದಲು, ಆದರೆ ಅವರದೇ ದನಿ. ನಾನು ಹೊರಗೆ ಕಾಲಿಟ್ಟೆ, ನಿಲ್ಲಿಸಿಬಿಟ್ಟರು. ಪರಸಪ್ಪನನ್ನು ಗದರಿಸಿ ಕೇಳಿದೆ. ತನ್ನ ಜೊತೆ ಒಂದು ತಿಂಗಳಿಂದ ಮಾತಾಡುತ್ತಿದ್ದಾರೆ ಎಂದ. ಅವರು ಮಾತು ಬಿಟ್ಟಿರುವುದು ನನ್ನೊಬ್ಬಳ ಜೊತೆ.

ಮದುವೆ ಮಾಡಿಕೊಂಡು ನೀವಿಬ್ಬರೂ ಬಾಗಿಲಿಗೆ ಬಂದ ದಿನ “ನಿಮ್ಮಪ್ಪ ನಿನ್ನ ಮಾರಿ ನೋಡಂಗಿಲ್ಲ ಅಂದಾರ” ಎಂದು ಹೇಳಿ ಅಗಳಿ ಹಾಕಿದೆನಲ್ಲ, ಅವರು ಹಾಗೆ ಅಂದಿರಲಿಲ್ಲ ಸುಮಿತ್ರಾ. ಅವರು ತೋಟದಲ್ಲಿದ್ದರು. ನೀನು ಬಂದದ್ದನ್ನೇ ನಾನು ಹೇಳಲಿಲ್ಲ, ನಿನ್ನ ಮೊದಲ ಮೂರು ಪತ್ರಗಳನ್ನೂ ತೋರಿಸಲಿಲ್ಲ. ಮಗಳು ತಿರುಗಿ ನೋಡಲಿಲ್ಲ ಎಂದು ಕೊರಗಿದರು. ದೀಪಾವಳಿಗೆ ಬಂದ ನಾಲ್ಕನೆಯ ಪತ್ರವನ್ನು ಟಪಾಲಿನವನು ತೋಟದಲ್ಲಿ ಅವರ ಕೈಗೇ ಕೊಟ್ಟ. ಅಪ್ಪ ನನ್ನನ್ನು ಯಾಕೆ ಬೇಡ ಎಂದರು ಎಂದು ಅದರಲ್ಲಿ ನೀನು ಕೇಳಿದ್ದೆ.

ನನ್ನ ಮೇಲೆ ಸಿಟ್ಟಾಗು, ಅದು ನನಗೆ ಸಲ್ಲಬೇಕಾದದ್ದೇ. ಆದರೆ ಇಬ್ಬರೂ ಬನ್ನಿ. ನೀವು ಇರುವಷ್ಟು ಹೊತ್ತು ನಾನು ಅಡಿಗೆಮನೆಯಲ್ಲೇ ಇರುತ್ತೇನೆ, ಹೊರಗೆ ಬರುವುದಿಲ್ಲ. ನಾನು ಎದುರಿಗಿದ್ದರೆ ಅವರು ನಿನ್ನ ಜೊತೆಯೂ ಮಾತಾಡಲಾರರು.