ಸಿಂಹದ ಕಣ್ಣಿಗೆ ಕಾಜಾ

ತೂಗುಮಾಸದ ಮೂವತ್ತೆರಡನೆಯ ದಿನ, ಇಸವಿ ೨೩೬೮
ಗುಳೇದಗುಡ್ಡ

ದರ್ಜಿ ದಸ್ತಗೀರಸಾಬರ ಹೊಲಿಗೆಯಂತ್ರದ ಸನ್ನಿಧಾನಕ್ಕೆ, ಮುನ್ನೂರ ನಲವತ್ತು ವರ್ಷಗಳ ಆಚೆಯಿಂದ ಹಂಪವ್ವನ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ, ಮಹನೀಯರೇ! ನಿಮ್ಮ ಹನ್ನೆರಡು ತಿಂಗಳಿಗೆ ನಾವು ಇನ್ನೊಂದನ್ನು ಸೇರಿಸಿಕೊಂಡಿದ್ದೇವೆ. ಯಾರೂ ದುಡಿಯದೆ, ಜೋಕಾಲಿ ಜೀಕಿಕೊಂಡು, ಆಟ ನೋಡಿಕೊಂಡು ಕಳೆಯುವ ತಿಂಗಳು ಅದು, ಅದಕ್ಕೇ ತೂಗುಮಾಸ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಕಂಪನಿ ನಾಟಕಗಳ ಹಳೆಯ ಕೈಬರಹದ ಪ್ರತಿಗಳಿಂದ. ಹೀಗಾಗಿ ಒಂದು ಲೋಟ ನೀರು ಕೇಳುವಾಗಲೂ ಸಿಂಹಾಸನದಿಂದ ಈಗಷ್ಟೇ ಇಳಿದವಳಂತೆ ಕೇಳುತ್ತೇನೆ ಎಂದು ಮನೆಯವರು ನಗುತ್ತಾರೆ. ನಾನು ಭೀಮನ ಪಾತ್ರಧಾರಿ. ವಯಸ್ಸು ಎಪ್ಪತ್ತೊಂದು. ತೋಳಿನ ಬಲ ಇಳಿದಿದೆ, ಗಂಟಲಿನದು ಇಳಿದಿಲ್ಲ.

ಈ ಕಾಗದ ನಿಮ್ಮ ಕೈಸೇರುವುದು ಹಿಂದಂಚೆಯಲ್ಲಿ. ಹಿಂದಕ್ಕೆ ಹೋಗುವ ಅಂಚೆ ಅದು. ಹಾಳೆಯ ಮೇಲೆ ಒಂದು ಸಾಲು ಬರೆಯುತ್ತೇನೆ. ಶಾಯಿ ಒಣಗುತ್ತಲೇ ಅದು ಮಂಜಿನಂತೆ ಕರಗಿ, ನಿಮ್ಮ ಕಾಲದ ಯಾವುದೋ ಕಾಗದದ ಮೇಲೆ ಮೂಡುತ್ತದೆ. ಮೇಲಿನ ನಮಸ್ಕಾರ ಆಗಲೇ ಹೊರಟುಹೋಯಿತು. ಹಿಂದಂಚೆಗೆ ಮರುಟಪಾಲಿಲ್ಲ. ನಿಮ್ಮ ಉತ್ತರ ನನಗೆ ಬರಬೇಕಾದರೆ ಒಂದೇ ದಾರಿ: ಮುನ್ನೂರ ನಲವತ್ತು ವರ್ಷಗಳನ್ನು ಅದು ಒಂದೊಂದಾಗಿ ನಡೆದುಕೊಂಡೇ ಬರಬೇಕು.

ನಮ್ಮ ಕಾಲದ ಸಂಗತಿ ಸ್ವಲ್ಪ ಕೇಳಿರಿ. ಇಲ್ಲಿ ಮನೆಗಳು ಬೇಸಿಗೆಯಲ್ಲಿ ಬಂಡೆಗಳ ನೆರಳಿಗೆ ಸರಿದು ಕೂರುತ್ತವೆ. ಮಗ್ಗಗಳು ಗಾಳಿ ಬೀಸಿದಾಗ ತಾವಾಗಿಯೇ ಗುನುಗುತ್ತವೆ. ಮಕ್ಕಳು ಅಕ್ಷರಕ್ಕಿಂತ ಮೊದಲು ಲಾಂಛನಗಳನ್ನು ಕಲಿಯುತ್ತಾರೆ, ಹೌದು, ಆಟದ ತಂಡಗಳ ಲಾಂಛನಗಳನ್ನು! ರೈಲು ಕಾರ್ಖಾನೆಯ ಕಾಲ್ಚೆಂಡು ತಂಡಕ್ಕೆ ಕೆಂಪು ಕಂದೀಲು. ಅದರ ಗಾಜಿನಲ್ಲೊಂದು ಬಿರುಕು, ಏಕೆಂದರೆ ಅವರ ಮೊದಲ ಗೋಲು ಬಲೆ ಹರಿದುಕೊಂಡು ಹೋಗಿ ಸ್ಟೇಷನ್ನಿನ ದೀಪ ಒಡೆಯಿತಂತೆ. ಕರಾವಳಿಯ ವಾಲಿಬಾಲ್ ತಂಡಕ್ಕೆ ಬಲೆ ಹಿಡಿದ ಏಡಿ. ಅವರು ಮೊದಲು ಕಟ್ಟಿದ್ದು ಮೀನಿನ ಬಲೆಯನ್ನೇ, ಅದರಲ್ಲೊಂದು ಏಡಿ ಆಟ ಮುಗಿಯುವವರೆಗೂ ನೇತಾಡಿತಂತೆ. ಸಕ್ಕರೆ ಸೀಮೆಯವರಿಗೆ ಗಾಣದ ಚಕ್ರ. ಇಂಥ ಚಿತ್ರಗಳನ್ನು ತೋರಿಸಿ ಅಜ್ಜಿಯರು ಮಕ್ಕಳನ್ನು ಮಲಗಿಸುತ್ತಾರೆ; ಮಕ್ಕಳು ಕನಸಿನಲ್ಲಿ ಏಡಿಯ ಜೊತೆ ವಾಲಿಬಾಲ್ ಆಡುತ್ತಾರೆ.

ಆದರೆ ಎಲ್ಲ ಲಾಂಛನಗಳ ಸಾರ್ವಭೌಮ ನಮ್ಮ ಪರದೆಸಿಂಹ! ಅದು ಹುಟ್ಟಿದ್ದು ನಿಮ್ಮ ಮೇಜಿನ ಮೇಲೆ, ಸಾಹೇಬರೇ, ನಿಮ್ಮ ಲೆಕ್ಕದಲ್ಲಿ ನಿನ್ನೆ.

ನಡೆದದ್ದು ನಿಮಗೆ ಗೊತ್ತು. ಆದರೂ ನಾವು ಹೇಗೆ ಹೇಳುತ್ತೇವೆಂದು ಕೇಳಿರಿ. ಊರಲ್ಲಿ ಗೌರಾಬಾಯಿಯವರ ನಾಟಕ ಕಂಪನಿ ಟೆಂಟು ಹಾಕಿತ್ತು. ಸಂಜೆ ಬಿರುಗಾಳಿ ಎದ್ದಿತು. ಪಕ್ಕದ ಅಂಗಳದಲ್ಲಿ ಕಬಡ್ಡಿ ಆಡುತ್ತಿದ್ದ ಏಳು ಜನ ನೇಕಾರ ಹುಡುಗರು ಓಡಿಬಂದು, ಹಗ್ಗಕ್ಕೆ ಜೋತುಬಿದ್ದು, ಕೈಗೆ ಕೈ ಹೆಣೆದು ಟೆಂಟನ್ನು ನೆಲಕ್ಕೆ ಹಿಡಿದರು. ಟೆಂಟು ಉಳಿಯಿತು. ರಾಜಸಭೆಯ ಪರದೆ ಮಾತ್ರ ನೆನೆದು ಹಾಳಾಯಿತು. ಅದರ ಮೇಲಿದ್ದ ಸಿಂಹವೊಂದೇ ಮೂತಿಯಿಂದ ಬಾಲದವರೆಗೆ ಬಣ್ಣ ಬಿಡದೆ ನಿಂತಿತ್ತು. ಗೌರಾಬಾಯಿ ಆ ಪರದೆಯನ್ನೇ ಹುಡುಗರಿಗೆ ಕೊಟ್ಟರು. ಅಂಗಿಗೆ ಲಾಂಛನವಿಲ್ಲದ ತಂಡವನ್ನು ತಾಲ್ಲೂಕಿನ ಪಂದ್ಯಕ್ಕೆ ಸೇರಿಸುವುದಿಲ್ಲ ಎಂದು ಅವರನ್ನು ಒಮ್ಮೆ ವಾಪಸು ಕಳಿಸಿದ್ದರಲ್ಲ, ಅದಕ್ಕೆ.

ನಿಮ್ಮ ಅಂಗಡಿಯಲ್ಲಿ ಜಗಳವೋ ಜಗಳ! ಏಳೂ ಮಂದಿಗೆ ಸಿಂಹದ ಮುಖವೇ ಬೇಕು. ಆಗ ನೀವು ಕತ್ತರಿ ಎತ್ತಿ ಹೇಳಿದ ಮಾತನ್ನು, ಈಗ ಆ ತಂಡದಲ್ಲಿ ಆಡುವ ನಮ್ಮ ಹುಡುಗಿಯರು ಇಂದಿಗೂ ಅಂಕಣಕ್ಕೆ ಇಳಿಯುವ ಮುನ್ನ ಹೇಳುತ್ತಾರೆ: “ಒಬ್ಬೊಬ್ಬಂಗ ಒಂದೊಂದು ತುಂಡು. ಸಿಂಹ ಬೇಕಂದ್ರ ಏಳೂ ಮಂದಿ ಕೂಡಿ ನಿಲ್ರಿ.” ಗುರುಸಿದ್ಧನೆಂಬವ ಗೋಳಿಟ್ಟನಂತೆ, “ನಂಗಷ್ಟ ಬಾಲ ಯಾಕ್ರಿ ಚಾಚಾ?” ಎಂದು. “ನೀ ಓಡಿಹೋಗೂವಾಗ ಮಂದಿಗೆ ಕಾಣೂದು ಅದಽ ಅಲ್ಲೇನೋ?” ಎಂದಿರಂತೆ ನೀವು. ಮುನ್ನೂರ ನಲವತ್ತು ವರ್ಷದಿಂದ ನಗುತ್ತಿದ್ದೇವೆ, ಸಾಹೇಬರೇ, ಇನ್ನೂ ಮುಗಿದಿಲ್ಲ.

ಹೀಗೆ ಜಗತ್ತಿನಲ್ಲೆಲ್ಲೂ ಇಲ್ಲದ ಲಾಂಛನ ನಮ್ಮದಾಯಿತು. ಮೂತಿ, ಕಣ್ಣು, ಕೇಸರ, ಹೆಗಲು, ಬೆನ್ನು, ತೊಡೆ, ಬಾಲ ಒಂದೊಂದು ಎದೆಯ ಮೇಲೆ. ಏಳು ಜನ ಕೈಹಿಡಿದು ಸಾಲಾಗಿ ನಿಂತರೆ ಸಿಂಹ ನಿಲ್ಲುತ್ತದೆ. ಒಬ್ಬರು ಔಟಾದರೆ ಅಷ್ಟು ಸಿಂಹ ಮಾಯ. ಜನ “ಬೆನ್ನು ಹೋತು!” ಎಂದು ಅರಚುತ್ತಾರೆ. ಎದುರಾಳಿಯನ್ನು ಹಿಡಿದು ಕೆಡವಿದಾಗ ಔಟಾದವರು ಮರಳಿ ಬರುತ್ತಾರೆ, “ಬಂತು, ಬೆನ್ನು ಬಂತು!” ಎಂದು ಮುದುಕರೂ ಕುಣಿಯುತ್ತಾರೆ.

ಈಗ ನನ್ನ ಸಂಕಟ. ಕಣ್ಣಿನ ತುಂಡು ನಮ್ಮ ಮನೆತನದ ಪಾಲಿಗೆ ಬಂದಿದೆ. ಇಂದು ಅದನ್ನು ತೊಡಬೇಕಾದವಳು ನನ್ನ ಮೊಮ್ಮಗಳು ಚೆನ್ನಿ. ಹತ್ತೊಂಬತ್ತು ವರ್ಷ, ದಾಳಿಗೆ ಹೋದರೆ ಗೆರೆಯ ಆಚೆ ಗಾಳಿ ಬೀಸಿದಂತೆ. ಆದರೆ ಆ ತುಂಡಿನಲ್ಲಿ, ಕಣ್ಣಿನ ಪಾಪೆಯ ಜಾಗದಲ್ಲಿ, ರೂಪಾಯಿಯಗಲದ ತೂತಿದೆ. ನೂರು ವರ್ಷದ ಹಿಂದೆ ಅದು ಹರಿದ ಗಾಯವೆಂದು ತಿಳಿದ ಯಾರೋ ಪುಣ್ಯಾತ್ಮರು ತೂತಿನ ಅಂಚಿಗೆಲ್ಲ ಮೇಣಗಾಜು ಹೊಯ್ದುಬಿಟ್ಟರು. ಹಳೆಯ ಬಟ್ಟೆ ಕೊಳೆಯದಂತೆ ಹೊಯ್ಯುವ ಜೇನುಬಣ್ಣದ ಮಬ್ಬು ಅಂಟು ಅದು, ಒಳಗಿನ ಅಂಚು ಕಾಣದು. ಅಂದಿನಿಂದ ನಮ್ಮ ಸಿಂಹಕ್ಕೆ ಪೊರೆ ಬಂದಂತಾಗಿದೆ. ಈ ವರ್ಷ ಬಂದ ಹೊಸ ಕಾನೂನು ಹೀಗಿದೆ: ಹರಿದ ಲಾಂಛನ ಅಂಕಣಕ್ಕೆ ಇಳಿಯಕೂಡದು. ಅದನ್ನು ನಿದ್ರಾಶಾಲೆಯೆಂಬ ತಣ್ಣನೆಯ ಮನೆಯಲ್ಲಿ ಮಲಗಿಸುತ್ತಾರೆ. ಲಾಂಛನ ಮಲಗಿದರೆ ತಂಡವೂ ಮಲಗಿದಂತೆ; ಹೆಸರು ಅಳಿಸಿ, ಏಳೂ ಜನರನ್ನು ಬೇರೆ ಬೇರೆ ಊರಿಗೆ ಹಂಚುತ್ತಾರೆ.

ಅದು ಹರಿದದ್ದಲ್ಲ! ರಂಗದ ಮೇಲೆ ಹುಟ್ಟಿ ಬೆಳೆದ ನನಗೆ ಗೊತ್ತಿಲ್ಲವೇ? ಪರದೆಯಲ್ಲೊಂದು ಇಣುಕುಗಂಡಿ ಇರದ ಕಂಪನಿ ಯಾವುದಿತ್ತು? ಮೂರನೆಯ ಗಂಟೆ ಬಾರಿಸುವ ಮುನ್ನ ಗೌರಾಬಾಯಿ ಸಿಂಹದ ಕಣ್ಣಿಗೆ ತಮ್ಮ ಕಣ್ಣಿಟ್ಟು ಪ್ರೇಕ್ಷಕರನ್ನು ನೋಡುತ್ತಿದ್ದರು. ಆಮೇಲೆ ತಿರುಗಿ, ಬಣ್ಣ ಹಚ್ಚಿಕೊಂಡು ನಡುಗುತ್ತ ನಿಂತವರಿಗೆಲ್ಲ ಎರಡೇ ಮಾತು ಹೇಳುತ್ತಿದ್ದರು: “ಮನಿ ತುಂಬೈತಿ.” ಹತ್ತೇ ಜನ ಕೂತಿದ್ದರೂ ಹಾಗೆಯೇ ಹೇಳುತ್ತಿದ್ದರಂತೆ. ಆಗ ನಡುಕ ನಿಲ್ಲುತ್ತಿತ್ತು.

ಇದನ್ನೆಲ್ಲ ಲಾಂಛನಸಭೆಯ ಪರೀಕ್ಷಕ ನಿರಂಜನನಿಗೆ ಹೇಳಿದೆ. ಒಳ್ಳೆಯ ಹುಡುಗ, ಆದರೆ ಕಾನೂನಿನ ಹುಡುಗ. “ಹಂಪವ್ವಾರ, ಹುಳ ತಿಂದಿದ್ದೂ ಇರಬಹುದಲ್ರಿ,” ಎಂದ. “ಹುಳಕ್ಕೇನು ಪಾಪೆ ಯಾವುದು, ಮೂಗು ಯಾವುದು ಅಂತ ಗೊತ್ತೈತೇನೋ?” ಎಂದು ಗುಡುಗಿದೆ. ಅಟ್ಟದ ಮೇಲಿನ ಪಾರಿವಾಳಗಳು ಹಾರಿಹೋದವು, ಅವನು ಕದಲಲಿಲ್ಲ. “ನಿಮ್ಮ ಮಾತು ಚಂದ ಐತ್ರಿ. ಆದ್ರ ನನಗ ಬಟ್ಟಿ ಹೇಳಬೇಕು,” ಎಂದ. ಮಧ್ಯಾಹ್ನ ಪಂದ್ಯಕ್ಕೆ ಮೊದಲು ಮೇಣಗಾಜನ್ನು ಕರಗಿಸಿ ಅಂಚನ್ನು ನೋಡುತ್ತಾನೆ. ಬರಿಯ ಹರುಕು ಕಂಡರೆ ಸಿಂಹಕ್ಕೆ ನಿದ್ರೆ.

ಬಟ್ಟೆಗೆ ಮಾತು ಕಲಿಸುವವರು ನೀವೊಬ್ಬರೇ, ದಸ್ತಗೀರಸಾಬರೇ. ಕಣ್ಣಿನ ತುಂಡನ್ನು ನೀವು ಕೊನೆಗೆ ಹೊಲಿದಿರೆಂದು ಕೇಳಿದ್ದೇವೆ; ಹಾಗಾದರೆ ಈ ಕಾಗದ ಮುಟ್ಟುವಾಗ ಅದಿನ್ನೂ ನಿಮ್ಮ ಮೇಜಿನ ಮೇಲಿರಬೇಕು. ತೂತಿಗೆ ಏನು ಮಾಡಿದಿರೆಂದು ಯಾರೂ ಹೇಳಿಲ್ಲ. ತೂತು ಕಂಡರೆ ದರ್ಜಿಯ ಕೈ ಸುಮ್ಮನಿರದು. ನಿಮ್ಮ ಕೈ ಆಗಲೇ ತೇಪೆಯ ಬಟ್ಟೆಗೆ ಹೋಗಿರಬಹುದು. ತಡೆಯಿರಿ! ತೇಪೆ ಹಾಕಿದರೆ ಅದು ಗಾಯವೆಂದು ನೀವೇ ಒಪ್ಪಿದಂತೆ. ಹಾಗೆಯೇ ಬಿಟ್ಟರೆ ಹುಳದ ಪಾಲಿಗೆ ಕೊಟ್ಟಂತೆ. ಗುಂಡಿ ಹಾಕುವ ತೂತಿಗೆ ದಾರ ಸುತ್ತಿ ಕಾಜಾ ಮಾಡುತ್ತೀರಲ್ಲ, ಹಾಗೆ ಈ ಕಣ್ಣಿನ ಸುತ್ತ ಒಂದು ಕಾಜಾ ಹಾಕಿರಿ. ಹುಳ ಕಾಜಾ ಹಾಕುವುದಿಲ್ಲ. ಹರುಕಿಗೆ ಯಾರೂ ಕಾಜಾ ಹಾಕುವುದಿಲ್ಲ. ಇದು ತೂತಾಗಿಯೇ ಇರಬೇಕೆಂದು ಒಬ್ಬ ಮನುಷ್ಯ ಮನಸಾರೆ ಬಯಸಿದನೆಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇರಿಲ್ಲ. ಭೀಮಸೇನ ಯಾರೆದುರೂ ಬಾಗಿದವನಲ್ಲ. ನಿಮ್ಮ ಸೂಜಿಯೆದುರು ಮಂಡಿಯೂರಿದ್ದಾನೆ.

ಆ ಸಾಲು ಒಣಗಿತು. ಹೊರಟಿತು. ಹಾಳೆ ಬೆಳ್ಳಗಾಯಿತು.

ನಿರಂಜನ ಬಂದ. ಮೇಣಗಾಜು ಕರಗಲೆಂದು ಬಿಸಿಲುದೀಪ ಹಿಡಿದ. ಜೇನುಬಣ್ಣದ ಹನಿಯೊಂದು ಕೆಳಗೆ ಜಾರಿತು, ಇನ್ನೊಂದು ಜಾರಿತು. ಏಳು ಹುಡುಗಿಯರು ಸುತ್ತ ನಿಂತಿದ್ದಾರೆ. ನಾನು ನೋಡಲಾರದೆ ಕಾಗದದ ಮೇಲೆ ಕಣ್ಣು ನೆಟ್ಟಿದ್ದೇನೆ. “ಹಂಪವ್ವಾರ,” ಎನ್ನುತ್ತಿದ್ದಾನೆ ನಿರಂಜನ, “ಬರ್ರಿ ಇಲ್ಲೆ. ಇದು ಯಾವ ದಾರ?”

ಸಾಹೇಬರೇ, ಅದು ದಾಳಿಂಬೆ ಬಣ್ಣದ ರೇಷ್ಮೆ. ರವಿಕೆಯ ಖಣ ನೇಯುವ ನಮ್ಮೂರ ಮಗ್ಗದ ರೇಷ್ಮೆ! ಒಂದರ ಪಕ್ಕ ಒಂದು ಒತ್ತಿ ಕೂತ ಹೊಲಿಗೆಗಳು, ಒಂದೂ ಸಡಿಲಿಲ್ಲ, ದುಂಡಗೆ, ಕೆಂಪಗೆ, ಈಗಷ್ಟೇ ನಿದ್ದೆಯಿಂದೆದ್ದ ಕಣ್ಣಿನ ಅಂಚಿನಂತೆ. ನಿಮ್ಮ ಉತ್ತರ ನಡೆದುಕೊಂಡು ಬಂದು ಮುಟ್ಟಿತು. ನಿರಂಜನ ಮುದ್ರೆ ಒತ್ತಿದ. ನಾನು ಗುಡುಗಿದೆ. ಅಟ್ಟಕ್ಕೆ ಮರಳಿದ್ದ ಪಾರಿವಾಳಗಳು ಮತ್ತೆ ಹಾರಿದವು.

ಇನ್ನು ಬರೆಯಲು ಹೊತ್ತಿಲ್ಲ. ಪಂದ್ಯದ ಎರಡನೆಯ ಗಂಟೆ ಬಾರಿಸಿತು. ಚೆನ್ನಿಯ ಕೈ ನಡುಗುತ್ತಿದೆ. ಉಳಿದ ಆರು ಜನರದೂ. ಅವಳು ಕಣ್ಣಿನ ತುಂಡನ್ನು ಎದೆಗೆ ಕಟ್ಟಿಕೊಳ್ಳುವ ಮುನ್ನ ಮೇಲೆತ್ತಿ, ನಿಮ್ಮ ಕಾಜಾದೊಳಗಿಂದ ಒಂದು ಕಣ್ಣು ಮುಚ್ಚಿ ಆಚೆ ನೋಡುತ್ತಿದ್ದಾಳೆ. ಆಚೆ ಅಂಕಣವಿದೆ, ಜನವಿದೆ. ಬಹುಶಃ ನೀವೂ, ಗೌರಾಬಾಯಿಯೂ, ಬಾಲದ ಗುರುಸಿದ್ಧನೂ ಎಲ್ಲೋ ಹಿಂದಿನ ಸಾಲಿನಲ್ಲಿದ್ದೀರಿ. ಅವಳು ತಿರುಗಿ ನೋಡಿದಳು. ನಕ್ಕಳು.

“ಆಯಿ, ಮನಿ ತುಂಬೈತಿ.”