ನಿನ್ನ ಕಾಯಿಲೆಯ ಹೆಸರನ್ನು ಅವನಿಗೆ ಕೊಡಲಿಲ್ಲ

ತಮ್ಮಾ ರಘು,

ನೀನು ಹೋದ ಮೇಲೆ ನಮ್ಮ ಮನೆಯವರ ಹೊರತು ಯಾರೂ ನನ್ನ ಮುಂದೆ ನಿನ್ನ ಹೆಸರೆತ್ತಿರಲಿಲ್ಲ. ಹೋದ ತಿಂಗಳು ಒಂದು ಭಾನುವಾರ ಬೀಗರು ಎತ್ತಿದರು. ನಿನ್ನ ಮೇಲಿನ ಪ್ರೀತಿಗಲ್ಲ, ತಮ್ಮ ಮಗನ ಕೊಳಕು ಮುಚ್ಚುವುದಕ್ಕೆ ಒಂದು ಬಟ್ಟೆ ಬೇಕಿತ್ತು, ನಿನ್ನನ್ನು ಎಳೆದುಕೊಂಡರು. ಅಂದಿನಿಂದ ನನ್ನ ಬಾಯಿಯ ಕಹಿ ಹೋಗಿಲ್ಲ. ಇದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಮೈಸೂರಿನ ಮನೆಯಲ್ಲಿ ನೀನು ಮಾತ್ರೆ ನುಂಗುತ್ತಿದ್ದ ಜಾಗ ನೆನಪಿದೆಯಾ? ಅಡುಗೆಮನೆಯ ಬಾಗಿಲ ಹಿಂದೆ, ರುಬ್ಬುವ ಕಲ್ಲಿನ ಪಕ್ಕ. ಆ ಡಬ್ಬಿ ಯಾರ ಕಣ್ಣಿಗೂ ಬೀಳಬಾರದೆಂದು ಅಪ್ಪನ ಅಪ್ಪಣೆ. ನನ್ನನ್ನು ನೋಡಲು ಗಂಡಿನವರು ಬಂದ ದಿನ ನಿನ್ನನ್ನು ಎದುರುಮನೆಯ ಮಹಡಿಗೆ ಕಳಿಸಿದ್ದರು. ನೀನು ಅಲ್ಲೇ ಕೂತು ಕೇಸರಿಬಾತು ತಿಂದು, ಅವರು ಹೋದ ಮೇಲೆ ಬಂದು, "ಹುಡುಗ ಹೇಗಿದಾನಕ್ಕ?" ಅಂದೆ. ನಿನ್ನ ಕಿವಿಯಲ್ಲಿ ಯಾರೋ ಸದಾ ಬೈಯುತ್ತಾರೆ ಅನ್ನುತ್ತಿದ್ದೆ. ಅಷ್ಟು ಬೈಸಿಕೊಂಡವನು ನೀನು ಯಾರಿಗೆ ಬೈದೆ, ಹೇಳು? ಆ ದನಿ ತೀರಾ ಜೋರಾದರೆ ಮಂಚದ ಕೆಳಗೆ ಸೇರಿಕೊಂಡು ಕೈಯೊಂದನ್ನು ಹೊರಗೆ ಚಾಚುತ್ತಿದ್ದೆ, ನಾನು ಹಿಡಿದುಕೊಳ್ಳಲಿ ಅಂತ. ಕೊನೆಗೆ ನಿದ್ದೆಯಲ್ಲೇ ನಿನ್ನ ಹೃದಯ ನಿಂತಾಗಲೂ ಬಂದವರು ನನ್ನನ್ನು ಮೂಲೆಗೆ ಕರೆದು, ಅವನೇ ಏನಾದರೂ ಮಾಡಿಕೊಂಡನಾ ಎಂದು ಕೇಳಿದರು. ಥೂ.

ನಾವು ಅಬುಧಾಬಿಯಲ್ಲಿದ್ದಾಗ, ನೀನು ವಿಸಿಟ್ ವೀಸಾದಲ್ಲಿ ಬಂದಿದ್ದಾಗ ಅಲ್ ಮೀನಾದ ತರಕಾರಿ ಮಾರ್ಕೆಟ್ಟಿಗೆ ಹೋಗಿದ್ದೆವಲ್ಲ. ಹಿಂದಿನ ರಾತ್ರಿ ನಿನಗೆ ನಿದ್ದೆಯಿರಲಿಲ್ಲ, ಕಣ್ಣು ಕೆಂಪಾಗಿದ್ದವು. ಯಾರದೋ ತಳ್ಳುಗಾಡಿ ನಿನಗೆ ತಗಲಿ, ನೀನು ಇನ್ಯಾರಿಗೋ ತಗಲಿ, ಅವನ ಟೊಮೆಟೊ ಎಲ್ಲ ನೆಲದ ಪಾಲಾಯಿತು. ಅವನು ಹಿಂದೆಮುಂದೆ ನೋಡದೆ ನಿನ್ನ ಕೆನ್ನೆಗೆ ಹೊಡೆದ. ನಾನು ಅಲ್ಲೇ ಕನ್ನಡದಲ್ಲಿ ಅವನ ಜನ್ಮ ಜಾಲಾಡಿದೆ. ನೀನು? ಕುಕ್ಕರಗಾಲಲ್ಲಿ ಕೂತು ಒಂದೊಂದೇ ಟೊಮೆಟೊ ಆರಿಸಿ ಅವನ ಬುಟ್ಟಿಗೆ ಹಾಕಿದೆ. "ಬಿಡಕ್ಕ, ಅವನಿಗೂ ಗಾಬರಿ ಆಗಿರ್ಬೇಕು" ಅಂದೆ. ಊರೆಲ್ಲ ಹುಚ್ಚ ಅಂದದ್ದು ಇಂಥವನನ್ನು.

ನಿನ್ನ ಹೆಗಲ ಮೇಲೆ ಕೂತು ಕೂದಲು ಜಗ್ಗುತ್ತಿದ್ದ ಸುಮ ನೆನಪಿದ್ದಾಳಲ್ಲ, ನನ್ನ ಕಿರಿಯವಳು? ಅವಳ ಗಂಡ ಪ್ರವೀಣ ಇಲ್ಲೇ ದುಬೈಯಲ್ಲಿ ದೊಡ್ಡ ಆಫೀಸಿನಲ್ಲಿದ್ದಾನೆ. ಅಲ್ ಮುರಕ್ಕಬಾತ್‌ನಲ್ಲಿ ಫ್ಲ್ಯಾಟು. ಲಿಫ್ಟಿನಲ್ಲಿ ಎಲ್ಲರಿಗೂ ನಗುನಗುತ್ತಾ ನಮಸ್ಕಾರ ಮಾಡುವ ಮನುಷ್ಯ. ಮನೆಯೊಳಗೆ ಬಂದು ಟಿವಿಯ ಸದ್ದು ಏರಿಸಿದನೆಂದರೆ ನನ್ನ ಮಗಳಿಗೆ ಗೊತ್ತಾಗುತ್ತಿತ್ತು... ಬಟ್ಟೆಯ ತೋಳು ಮುಚ್ಚುವ ಕಡೆಯೇ ಹೊಡೆಯುತ್ತಿದ್ದ. ಇದನ್ನೆಲ್ಲ ಅವಳು ನನಗೂ ಹೇಳಿರಲಿಲ್ಲ. ನಿದ್ದೆ ಬಾರದೆ, ಕೆಲಸದಲ್ಲಿ ಕೈ ನಡುಗಿ, ಒಬ್ಬಳೇ ಡಾಕ್ಟರ ಹತ್ತಿರ ಹೋಗಿ ಮಾತ್ರೆ ತಂದುಕೊಂಡಳು. ಅದು ಅತ್ತೆಯ ಕಣ್ಣಿಗೆ ಬಿತ್ತು. ಆ ಹೆಂಗಸು ಅರಿಶಿನ ಕುಂಕುಮಕ್ಕೆ ಹೋದ ಮನೆಯಲ್ಲೆಲ್ಲ ಸಾರಿಕೊಂಡು ಬಂದಳು: ಸೊಸೆ ಮೆಂಟಲ್, ಅವಳು ಏನು ಹೇಳಿದರೂ ನಂಬಬೇಡಿ, ಅವಳ ಸೋದರಮಾವನಿಗೂ ಇತ್ತು, ರಕ್ತದಲ್ಲೇ ಇದೆ.

ಒಂದು ಬೆಳಿಗ್ಗೆ ಸುಮ ತನ್ನ ಮಗಳು ಧೃತಿಯನ್ನು ಕರೆದುಕೊಂಡು ಅಲ್ ಬರ್ಷಾದ ನಮ್ಮ ಮನೆಗೆ ಬಂದಳು. ಮಗನ ಮನೆ ಅದು, ನಾನೂ ನಿನ್ನ ಭಾವನೂ ಈಗ ಅಲ್ಲೇ ಇರುವುದು. ಕಾಫಿ ಲೋಟಕ್ಕೆ ಕೈ ಚಾಚಿದಾಗ ಅವಳ ಕುರ್ತಾದ ತೋಳು ಮೇಲೆ ಸರಿಯಿತು. ನಾವೆಲ್ಲ ಆ ಬಾಸುಂಡೆ ನೋಡಿದೆವು. ಮಗ ಫೋಟೋ ತೆಗೆದು ಬೀಗರಿಗೆ ಕಳಿಸಿದ. ಅಲ್ಲಿಗೆ ಅವರ ಮಾತು ತಿರುಗಿತು ನೋಡು. ನಿನ್ನೆಯವರೆಗೆ ಹುಚ್ಚು ನನ್ನ ಮಗಳದ್ದು, ಏಟಿನ ಗುರುತು ಕಂಡಮೇಲೆ ಅವರ ಮಗನದ್ದು! ಅವಳಿಗೆ ಅದು ಕಳಂಕವಂತೆ, ಅವನಿಗೆ ಮಾತ್ರ ಅದೇ ವಿನಾಯಿತಿ. ಯಾವ ನ್ಯಾಯ ಇದು?

ಆ ಭಾನುವಾರ ಅವರು ತಟ್ಟೆಯಲ್ಲಿ ಹೂವು, ಹಣ್ಣು, ಕಾಯಿ ಇಟ್ಟುಕೊಂಡು ಸೊಸೆಯನ್ನು ಕರೆದುಕೊಂಡು ಹೋಗಲು ಬಂದರು. ಬೀಗಿತ್ತಿ, ಪ್ರವೀಣ, ಜೊತೆಗೆ ಮಾತುಕತೆಗೆಂದು ಶಾಮರಾಯರು. ಇಲ್ಲಿನ ಕನ್ನಡದವರ ಮದುವೆ, ಮುಂಜಿ, ಜಗಳ ಎಲ್ಲಕ್ಕೂ ಅವರೇ ಹಿರಿಯರು. ಒಂದು ಗಂಟೆಯ ಮೇಲೆ ಕೂತರು. ಟೆನ್ಷನ್ ಅಂದರು, ಗ್ರಹಚಾರ ಅಂದರು, ಆಫೀಸಿನ ಪ್ರೆಷರ್ ಅಂದರು. ಹೊಡೆದ ಅನ್ನುವ ಒಂದು ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಹೊಡೆದವನು ತಲೆ ಬಗ್ಗಿಸಿ ಫೋನು ನೋಡುತ್ತಿದ್ದ. ನಮ್ಮ ಮನೆಯ ಉಪ್ಪಿಟ್ಟನ್ನು ಎರಡನೇ ಸಲ ಹಾಕಿಸಿಕೊಂಡ.

"ಸಿಟ್ಟು ಬಂದ್ರೆ ಅವನಿಗೆ ಮೈಮೇಲೆ ಜ್ಞಾನ ಇರಲ್ಲ. ಒಂಥರಾ ಮೆಂಟಲ್, ಪಾಪ," ಅಂದಳು ಬೀಗಿತ್ತಿ. "ತಮ್ಮನ್ನ ಇಟ್ಕೊಂಡು ಏಗಿದೋರು ನೀವು. ನಿಮಗೆ ನಾನು ಹೇಳ್ಬೇಕಾ?"

ಶಾಮರಾಯರು ತಲೆಯಾಡಿಸಿದರು. ಅನುಭವಸ್ಥರ ಮನೆಯಂತೆ ನಮ್ಮದು, ಸುಮನಿಗೆ ಸಹಿಸಿಕೊಳ್ಳುವುದು ಹುಟ್ಟಿನಿಂದಲೇ ಗೊತ್ತಿರಬೇಕಂತೆ. ಅಷ್ಟರಲ್ಲಿ ಬೀಗಿತ್ತಿ, ಒಳ್ಳೆಯ ಗಳಿಗೆಯಿದೆ, ಮಡಿಲಕ್ಕಿ ಕಟ್ಟಿ ಅಂದಳು. ನನ್ನ ಸೊಸೆ ಪಾಪದವಳು, ನಾನು ಬೇಡ ಅನ್ನಬಹುದೆಂದು ಅವಳ ತಲೆಗೇ ಬಂದಿರಲಿಲ್ಲ. ಅಕ್ಕಿ, ಬೆಲ್ಲ, ಕೊಬ್ಬರಿ, ರವಿಕೆ ಕಣ ಎಲ್ಲ ಜೋಡಿಸಿ ತಂದಳು. ಆಗ ಸುಮ ಎದ್ದು ಬಂದು ಮಣೆಯ ಮೇಲೆ ಕೂತು ದುಪಟ್ಟಾ ಒಡ್ಡಿದಳು. ಆ ಒಡ್ಡಿದ ಕೈಗಳನ್ನು ನೋಡಿದೆ. ಮಂಚದ ಕೆಳಗಿಂದ ಹೊರಗೆ ಚಾಚಿದ್ದ ನಿನ್ನ ಕೈಯೂ ಹೀಗೇ...

ನಾನು ಸೊಸೆಯ ಕೈಯಿಂದ ತಟ್ಟೆ ತೆಗೆದುಕೊಂಡೆ.

"ಜ್ಞಾನ ಇರಲ್ಲ ಅಂದ್ರಲ್ಲ ಬೀಗ್ರೇ, ಟಿವಿ ಸೌಂಡ್ ಜಾಸ್ತಿ ಮಾಡೋಕೆ ಇರುತ್ತಲ್ಲ? ಇವನು ಆಫೀಸಲ್ಲಿ ಮ್ಯಾನೇಜರ್‌ಗೆ ಎಷ್ಟು ಸಲ ಹೊಡ್ದಿದಾನೆ, ಕೇಳಿ ಹೇಳಿ."

ಶಾಮರಾಯರು ಕೈ ಎತ್ತಿ, "ಸಮಾಧಾನ ತಂದ್ಕೊಳ್ಳಿಮ್ಮ, ದೊಡ್ಡೋರು ನೀವೇ ಹಿಂಗಂದ್ರೆ ಹೆಂಗೆ?" ಅಂದರು.

"ದೊಡ್ಡೋಳು ಅಂತಾನೇ ಹೇಳ್ತಿರೋದು ರಾಯರೇ. ನನ್ನ ತಮ್ಮನ ಕಾಯಿಲೆ ಹೆಸರನ್ನ ಇವನಿಗೆ ಕೊಡಲ್ಲ. ನಿಜವಾಗ್ಲೂ ಕಾಯಿಲೆ ಇದ್ರೆ ಡಾಕ್ಟರಿಗೆ ತೋರಿಸ್ಲಿ. ಆಗ್ಲೂ ನನ್ನ ಮಗಳು ಅದಕ್ಕೆ ಔಷಧಿ ಅಲ್ಲ."

ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋದೆ. ತವರಿನಲ್ಲಿ ತಾಯಿ ಮಡಿಲು ತುಂಬದೆ ಮಗಳು ಹೊರಡುವುದುಂಟೆ? ಇಲ್ಲವಲ್ಲ. ಬೀಗಿತ್ತಿಗೂ ಅದು ಗೊತ್ತು. ತಾನು ತಂದ ಹೂವು ಹಣ್ಣು ತಾನೇ ಎತ್ತಿಕೊಂಡಳು. ಬಾಗಿಲಲ್ಲಿ ಕುಂಕುಮಕ್ಕೆಂದು ಒಂದು ಗಳಿಗೆ ನಿಂತಳು, ರಘು. ನಮ್ಮ ಮನೆಯಿಂದ ಮುತ್ತೈದೆಯೊಬ್ಬಳು ಕುಂಕುಮವಿಲ್ಲದೆ ಹೋದದ್ದು ನಮ್ಮಮ್ಮನ ಕಾಲದಿಂದಲೂ ಇಲ್ಲ. ಅವತ್ತು ಹೋದಳು. ಆ ಮಡಿಲಕ್ಕಿಯನ್ನು ಅಲ್ಲೇ ತೊಳೆದು ಕುಕ್ಕರಿಗೆ ಹಾಕಿದೆ. ಮಧ್ಯಾಹ್ನ ಮೊಸರನ್ನ, ನಿನಗೆ ಇಷ್ಟವಾಗುವ ಹಾಗೆ ಶುಂಠಿ ಜಾಸ್ತಿ ಹಾಕಿ.

ಧೃತಿ ಅವತ್ತು ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಾಳೆ. ಎರಡನೇ ಕ್ಲಾಸಿನ ಮಗು. ಸಂಜೆ ನನ್ನ ಹತ್ತಿರ ಬಂದು, "ಅಜ್ಜಿ, ಈಸ್ ಪಪ್ಪಾ ಮೆಂಟಲ್?" ಅಂದಳು. ಹಿಂದೆಯೇ ಇನ್ನೊಂದು: "ವಿಲ್ ಐ ಆಲ್ಸೋ ಗೆಟ್ ಇಟ್?" ಆ ಹೆಂಗಸು ಹೋದವಳು ಮಗುವಿನ ತಲೆಯಲ್ಲಿ ಇದನ್ನು ಇಟ್ಟು ಹೋಗಿದ್ದಳು.

ತೊಡೆಯ ಮೇಲೆ ಕೂರಿಸಿಕೊಂಡು ನಿನ್ನ ಕಥೆ ಹೇಳಿದೆ. ಟೊಮೆಟೊ ಆರಿಸಿಕೊಟ್ಟ ಅಜ್ಜನ ಕಥೆ. "ಕಾಯಿಲೆ ಅನ್ನೋದು ಬರೋದು ಪುಟ್ಟಿ. ಜ್ವರ ಬಂದಂಗೆ. ನಿನಗೆ ಬಂದ್ರೆ ನಾನೇ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ. ಹೊಡ್ಯೋದು ಬರಲ್ಲ. ಹೊಡ್ಯೋರು ಹೊಡೀತಾರೆ, ಅಷ್ಟೇ." ಅವಳು, ಆ ಅಜ್ಜನಿಗೆ ಹೊಡೆದವನು ಸಾರಿ ಕೇಳಿದನಾ ಎಂದಳು. ಇಲ್ಲ ಅಂದೆ. "ಹಿ ಶುಡ್ ಹ್ಯಾವ್," ಅಂದಳು.

ನಿನಗೆ ತಿಳಿಯದ ಸುದ್ದಿ ಇನ್ನೂ ಇದೆ. ತನ್ನ ಹೆಸರಿನ ಮೇಲಿದ್ದ ಸುಮನ ವೀಸಾ ಕ್ಯಾನ್ಸಲ್ ಮಾಡಿಸುತ್ತೇನೆಂದು ಪ್ರವೀಣ ಹೆದರಿಸಿದ. ಸುಮ ಕೆಲಸ ಮಾಡುವ ಕ್ಲಿನಿಕ್ಕಿನವರು ಅವಳನ್ನು ತಮ್ಮ ವೀಸಾಕ್ಕೆ ತೆಗೆದುಕೊಂಡರು. ಪೊಲೀಸರಿಗೂ ದೂರು ಕೊಟ್ಟಿದ್ದಾಳೆ. ಅಲ್ಲಿ ಅವಳು ಟೆನ್ಷನ್ ಅನ್ನಲಿಲ್ಲ, ಗ್ರಹಚಾರ ಅನ್ನಲಿಲ್ಲ. ಹೊಡೆದ ಅಂದಳು. ನಾನು ಪಕ್ಕದಲ್ಲೇ ಕೂತಿದ್ದೆ.

ಅವಳ ಮಾತ್ರೆಯ ಡಬ್ಬಿ ಮೊದಲು ಬೀರುವಿನಲ್ಲಿ ಸೀರೆಗಳ ಕೆಳಗಿತ್ತು. ನಾನೇ ತಂದು ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಜಾಡಿಯ ಪಕ್ಕ ಇಟ್ಟೆ. ಮನೆಗೆ ಯಾರು ಬಂದರೂ ಅದು ಅಲ್ಲಿಂದ ಕದಲುವುದಿಲ್ಲ. ಹೋದ ವಾರ ಶಾಮರಾಯರು ಒಬ್ಬರೇ ಬಂದಿದ್ದರು. ಅವರ ಕಣ್ಣು ಡಬ್ಬಿಯ ಮೇಲೆ ನಿಂತಿತು, ನನ್ನ ಮೇಲೆ ಬಂತು, ಮತ್ತೆ ಕಾಫಿ ಲೋಟಕ್ಕೆ ಇಳಿಯಿತು. ಅವರ ಎದುರಿಗೇ ಧೃತಿ ನೀರು ತಂದು ಕೊಟ್ಟಳು, ಸುಮ ಮಾತ್ರೆ ನುಂಗಿದಳು, ಉಳಿದ ಅನ್ನಕ್ಕೆ ಸಾರು ಹಾಕಿಕೊಂಡಳು.

ಈ ಮನೆಯಲ್ಲಿ ಬಾಗಿಲ ಹಿಂದೆ ಯಾರೂ ನಿಲ್ಲುವುದಿಲ್ಲ, ತಮ್ಮಾ.

ನಿನ್ನ ಅಕ್ಕ