ಗೆರೆ ಸವೆದ ಬೆರಳುಗಳು

ತಬಾಕಾ, ಮಂಗಳವಾರ, ಅಕ್ಟೋಬರ್ 15

ಇವತ್ತು ಸಂತೆ ಮೈದಾನದ ಸಭೆಯಲ್ಲಿ, ಆಳುವ ಪಕ್ಷದ ಊರಧ್ಯಕ್ಷನಾಗಿ, ಸರ್ಕಾರದ ಹೊಸ ಆರೋಗ್ಯ ವಿಮೆಯನ್ನು ಹೊಗಳಿದೆ. ಆಸ್ಪತ್ರೆಯ ಯಂತ್ರದ ಮೇಲೆ ಬೆರಳೊತ್ತಿದರೆ ಸಾಕು, ಚಿಕಿತ್ಸೆ ಸಿಗುತ್ತದೆ ಎಂದೆ.

ಹೆಂಗಸರ ನಡುವಿನಿಂದ ನನ್ನ ಹೆಂಡತಿ ಬೋಸಿಬೋರಿಯೇ ಎದ್ದಳು. "ಇಪ್ಪತ್ತು ವರ್ಷ ಕಲ್ಲಿನ ಬೊಂಬೆ ಉಜ್ಜಿ ಉಜ್ಜಿ ನಮ್ಮ ಬೆರಳಲ್ಲಿ ಗೆರೆನೇ ಉಳಿದಿಲ್ಲ. ಮೆಷಿನ್ನಿಗೆ ಗುರುತು ಸಿಗಲಿಲ್ಲ ಅಂತ ಮೊನ್ನೆ ನಮ್ಮಕ್ಕನ್ನ ವಾಪಸ್ ಕಳಿಸಿದ್ರು. ಯಾರ ಕೈ ನೋಡಿ ಮಾಡಿದ್ರಿ ಈ ಕಾನೂನು?"

ನೈರೋಬಿಯಿಂದ ಬಂದಿದ್ದ ನಮ್ಮ ಪಕ್ಷದ ಮುಖಂಡ ನಕ್ಕ. "ಮನೆಯವ್ರೇ ನಿಮ್ಮ ಮಾತು ಕೇಳಲ್ವಲ್ಲ ಅಧ್ಯಕ್ಷರೇ!"

"ಅವಳು ಹೇಳಿದ್ದೇ ಸರಿ. ಈ ದೂರನ್ನ ನನ್ನ ಹೆಸರಲ್ಲೂ ಬರ್ಕೊಳ್ಳಿ," ಎಂದೆ. ಜನರ ದೂರು ದಾಖಲಿಸಲು ಬಂದಿದ್ದ ವಿಮಾ ಅಧಿಕಾರಿ ಬರೆದುಕೊಂಡರು.

ನನ್ನ ಹುದ್ದೆ ಉಳಿಯಲಾರದು. ಬರುವಾಗ ದಾರಿಯಲ್ಲಿ ಜನ ನನ್ನನ್ನು ಬೋಸಿಬೋರಿಯ ಗಂಡ ಎಂದು ತೋರಿಸುತ್ತಿದ್ದರು. ಎದೆ ಇಷ್ಟು ಉಬ್ಬಿದ್ದು ನೆನಪಿಲ್ಲ. ಅವಳಿಗಿದನ್ನು ಹೇಳಬೇಕಿತ್ತು, ಆಗಲೇ ನಿದ್ದೆ ಹೋಗಿದ್ದಾಳೆ.